ಟಿಕ್ ಬೀಳದ ಹೆಸರುಗಳು

ಗೌರಿ ಹಬ್ಬಕ್ಕೆ ಇನ್ನೂ ಒಂದು ತಿಂಗಳು ಇರುವಾಗಲೇ ಊರಿನ ಯುವಕ ಸಂಘದ ವಾಟ್ಸಾಪ್ ಗುಂಪಿಗೆ ಒಂದು ಪಟ್ಟಿ ಬಂದು ಬೀಳುತ್ತದೆ. ಮೇಲೆ ಗಣಪತಿಯ ಚಿತ್ರ, ಕೆಳಗೆ ‘ತಲಾ 1,000 ರೂ.’, ಅದರ ಕೆಳಗೆ ಒಂದರಿಂದ ನಲವತ್ತೆರಡರವರೆಗೆ ಹೆಸರು. ಕೊಟ್ಟವರ ಹೆಸರಿನ ಮುಂದೆ ಹಸಿರು ಟಿಕ್. ದಿನಕ್ಕೊಮ್ಮೆ ಪಟ್ಟಿ ಹೊಸದಾಗಿ ಬರುತ್ತದೆ, ಟಿಕ್‌ಗಳು ಹೆಚ್ಚುತ್ತ ಹೋಗುತ್ತವೆ. ಹಬ್ಬ ಹತ್ತಿರ ಬರುವ ಹೊತ್ತಿಗೆ ನಾಲ್ಕು ಹೆಸರು ಮಾತ್ರ ಬೋಳಾಗಿ ಉಳಿದಿರುತ್ತವೆ. ಯಾರೋ ಒಬ್ಬ ತಮಾಷೆಗೆಂದು ಒಂದು ಸ್ಟಿಕ್ಕರ್ ಹಾಕುತ್ತಾನೆ, ಹತ್ತು ಜನ ನಗುತ್ತಾರೆ. ಮರುದಿನ ಬೆಳಿಗ್ಗೆ ನೋಡಿದರೆ ಆ ನಾಲ್ವರಲ್ಲಿ ಒಬ್ಬ ಗುಂಪು ಬಿಟ್ಟು ಹೋಗಿರುತ್ತಾನೆ.

ಅವನು ಯಾರು ಅಂತ ನಿಮಗೆ ಗೊತ್ತು. ಕಳೆದ ವರ್ಷ ಪೆಂಡಾಲಿನ ಗಳ ನೆಡಲು ಗುಂಡಿ ತೋಡಿದವನು ಅವನೇ. ಸೀರಿಯಲ್ ಸೆಟ್ ಕಟ್ಟಲು ಹಲಸಿನ ಮರ ಹತ್ತಿದವನು, ವಿಸರ್ಜನೆಯ ರಾತ್ರಿ ಕೆರೆ ನೀರಿಗೆ ಮೊದಲು ಇಳಿದವನು, ಮರುದಿನ ಎಲ್ಲರೂ ಮಲಗಿರುವಾಗ ಬಂದು ಊಟದೆಲೆ ಬಾಚಿ ಅಂಗಳ ಗುಡಿಸಿದವನು. ಗ್ಯಾರೇಜಿನಲ್ಲಿ ಕೆಲಸ ಕಲಿಯುತ್ತಿದ್ದಾನೆ, ಇಲ್ಲವೇ ಕೇಬಲ್ ಗುಂಡಿ ತೆಗೆಯಲು ಹೋಗುತ್ತಾನೆ, ಅದೂ ಇಲ್ಲದಿದ್ದರೆ ಪಿಯುಸಿ ಮುಗಿಸಿ ಮನೆಯಲ್ಲಿ ಕೂತು ಅಪ್ಪನ ಮುಂದೆ ಕೈ ಚಾಚಲು ನಾಚಿಕೊಳ್ಳುತ್ತಿದ್ದಾನೆ. “ಕೇಳಿದ್ರೆ ನಾವೇನು ಬೇಡ ಅಂತಿದ್ವಾ?” ಎನ್ನುತ್ತೀರಿ. ಕೇಳುವ ವಯಸ್ಸಲ್ಲ ಅದು. ಹತ್ತೊಂಬತ್ತರ ಹುಡುಗ ಹಸಿವಾಗಿದೆ ಅಂತ ಬೇಕಾದರೆ ಹೇಳುತ್ತಾನೆ, ಜೇಬು ಖಾಲಿ ಅಂತ ಗೆಳೆಯರ ಮುಂದೆ ಹೇಳುವುದಿಲ್ಲ. “ಸ್ವಲ್ಪ ಬಿಜಿ ಇದೀನಿ ಕಣೋ” ಎನ್ನುತ್ತಾನೆ, ಅಷ್ಟೆ. ಆಮೇಲೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರೂ ಮುಖ ತಪ್ಪಿಸುತ್ತಾನೆ.

ಊರೂರಿನ ಯುವಕ ಸಂಘ, ಯುವತಿ ಮಂಡಳಿ, ಕಬಡ್ಡಿ ತಂಡ, ಗಣಪತಿ ಸಮಿತಿ, ಹವ್ಯಾಸಿ ನಾಟಕ ತಂಡಗಳ ಅಧ್ಯಕ್ಷರೇ, ಕಾರ್ಯದರ್ಶಿಗಳೇ, ಖಜಾಂಚಿಗಳೇ, ನಿಮ್ಮನ್ನೇ ಉದ್ದೇಶಿಸಿ ಹೇಳುತ್ತಿದ್ದೇನೆ. ಸಂಬಳವಿಲ್ಲದೆ, ಬೈಸಿಕೊಂಡು, ನಿದ್ದೆಗೆಟ್ಟು ಸಂಘ ನಡೆಸುವವರು ನೀವು. ನಿಮ್ಮ ಮೇಲೆ ಗೌರವವಿಲ್ಲದೆ ಈ ಮಾತು ಬರುತ್ತಿಲ್ಲ. ಆದರೆ ನಿಮ್ಮ ಕಣ್ಣೆದುರೇ, ನಿಮ್ಮದೇ ಪಟ್ಟಿಯಿಂದ, ಬಡ ಹುಡುಗರು ಒಬ್ಬೊಬ್ಬರಾಗಿ ಹೊರಗೆ ನಡೆಯುತ್ತಿದ್ದಾರೆ. ಯಾರೂ ಅವರನ್ನು ದಬ್ಬಲಿಲ್ಲ ಎಂಬ ಸಮಾಧಾನ ನಿಮಗೆ ಬೇಡ.

ನಾನು ಬ್ಯಾಂಕಿನಲ್ಲಿದ್ದು ನಿವೃತ್ತನಾದವನು. ಆ ಕಾರಣಕ್ಕೆ ಸುತ್ತಲಿನ ಸಂಘಗಳ ಹುಡುಗರು ಮಾರ್ಚ್ ಬಂದರೆ ಒಂದು ನೋಟ್‌ಬುಕ್ಕು, ರಬ್ಬರ್ ಬ್ಯಾಂಡ್ ಹಾಕಿದ ಒಂದು ಕಟ್ಟು ಚೀಟಿ ಹಿಡಿದುಕೊಂಡು ಮನೆಗೆ ಬರುತ್ತಾರೆ. “ಒಂಚೂರು ಲೆಕ್ಕ ನೋಡಿಕೊಡಿ ಸಾರ್.” ನೋಡಿಕೊಡುತ್ತೇನೆ. ಲೆಕ್ಕದ ಪುಸ್ತಕ ಸುಳ್ಳು ಹೇಳಬಹುದು, ಆದರೆ ಸಂಘದ ಮನಸ್ಸು ಎಲ್ಲಿದೆ ಎಂಬುದನ್ನು ಮಾತ್ರ ಮುಚ್ಚಿಡಲಾರದು. ಈಚೆಗೆ ನೋಡಿದ ಒಂದು ಪುಸ್ತಕದಲ್ಲಿ ಹೀಗಿತ್ತು: ಡಿ.ಜೆ. 18,000. ಟೀ ಶರ್ಟ್ 42ಕ್ಕೆ 11,760. ಫ್ಲೆಕ್ಸ್ ಆರು, 7,200. ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ 4,300. ಇತರೆ 6,850. ವಾಲಿಬಾಲ್ ನೆಟ್ 900.

ಬೈಲಾದ ಮೊದಲ ಪುಟದಲ್ಲಿ ಆ ಸಂಘದ ಧ್ಯೇಯ ಅಚ್ಚಾಗಿತ್ತು: ‘ಯುವಜನರಲ್ಲಿ ಕ್ರೀಡೆ ಹಾಗೂ ಸಾಂಸ್ಕೃತಿಕ ಚಟುವಟಿಕೆಗಳನ್ನು ಉತ್ತೇಜಿಸುವುದು.’ ವರ್ಷಪೂರ್ತಿ ಕ್ರೀಡೆಗೆ ಸಂದದ್ದು ಆ ಒಂದು ನೆಟ್ಟು. ಆಟಗಾರರಿಗಿಂತ ಸನ್ಮಾನಿತರ ಹೆಗಲಿಗೆ ಹೆಚ್ಚು ಖರ್ಚಾಗಿತ್ತು. ಫ್ಲೆಕ್ಸಿನ ಮಾತಂತೂ ಕೇಳಲೇಬೇಡಿ. ಬೆಂಗಳೂರಿನಲ್ಲಿ 2018ರಲ್ಲಿ ಹೈಕೋರ್ಟು ಚಾಟಿ ಬೀಸಿದ ಮೇಲೆ ಪಾಲಿಕೆ ಅದನ್ನು ನಿಷೇಧಿಸಿತು, ಅದರಾಚೆಗಿನ ನಮ್ಮ ಊರುಗಳಲ್ಲಿ ಅದಿಲ್ಲದೆ ಗಣಪತಿಯೂ ಕೂರುವುದಿಲ್ಲ, ರಾಜ್ಯೋತ್ಸವವೂ ಆಗುವುದಿಲ್ಲ. ಮೂರು ದಿನ ನಿಂತು ನಾಲ್ಕನೇ ದಿನ ಯಾರದೋ ಕೊಟ್ಟಿಗೆಯ ಸೋರುವ ಮಾಡಿಗೆ ಹೊದಿಕೆಯಾಗುತ್ತದೆ. ಅದೊಂದೇ ಅದರಿಂದ ಊರಿಗೆ ಆಗುವ ಉಪಕಾರ.

ವಂತಿಗೆ ಜಾಸ್ತಿಯಾಯಿತು ಅಂತ ದೂರುವವರು ಸಿಗುತ್ತಾರೆ. ಅದು ಏಕೆ ಜಾಸ್ತಿಯಾಯಿತು ಅಂತ ಕೇಳುವವರು ಕಡಿಮೆ. ನಮ್ಮ ಸಂಘಗಳಲ್ಲಿ ವಂತಿಗೆ ನಿಗದಿಯಾಗುವ ಬಗೆ ಇಷ್ಟೇ: ಮೊದಲು ಪಕ್ಕದ ಬೀದಿಯವರು ಏನು ಮಾಡಿದರು ಎಂದು ನೋಡುವುದು, ಅದಕ್ಕಿಂತ ಒಂದು ಕೈ ಮೇಲಾಗುವಂತೆ ಖರ್ಚು ಬರೆದುಕೊಳ್ಳುವುದು, ಆಮೇಲೆ ತಲೆ ಎಣಿಸಿ ಭಾಗಾಕಾರ ಮಾಡುವುದು. ಭಾಗಾಕಾರ ಸರಿಯಾಗಿಯೇ ಇರುತ್ತದೆ. ಎಲ್ಲರಿಗೂ ಒಂದೇ ಮೊತ್ತ, ಯಾರಿಗೂ ಭೇದವಿಲ್ಲ ಎನ್ನುತ್ತೀರಿ. ಅಡಿಕೆ ತೋಟದವನ ಮಗನಿಗೂ ಆ ತೋಟದಲ್ಲಿ ಗೊನೆ ಹೊರುವವನ ಮಗನಿಗೂ ಒಂದೇ ಮೊತ್ತ! ಇದನ್ನು ಸಮಾನತೆ ಎಂದು ಕರೆಯಲು ಎಷ್ಟು ಧೈರ್ಯ ಬೇಕು.

1907ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಬೇಡನ್-ಪೊವೆಲ್ ಸುಮಾರು ಇಪ್ಪತ್ತು ಹುಡುಗರನ್ನು ಸೇರಿಸಿ ಒಂದು ಶಿಬಿರ ನಡೆಸಿದ. ಮುಂದೆ ಸ್ಕೌಟ್ ಚಳವಳಿಯಾಗಿ ಬೆಳೆದದ್ದು ಅದೇ. ಈಟನ್, ಹ್ಯಾರೋದಂಥ ಶ್ರೀಮಂತ ಶಾಲೆಗಳ ಹುಡುಗರಿಂದ ಶಿಬಿರದ ಶುಲ್ಕ ಒಂದು ಪೌಂಡ್. ಅಂದರೆ ಆಗಿನ 20 ಷಿಲಿಂಗ್. ಪೂಲ್, ಬೋರ್ನ್‌ಮತ್ ಪಟ್ಟಣಗಳ ಸಾಧಾರಣ ಮನೆಯ ಹುಡುಗರಿಂದ ತೆಗೆದುಕೊಂಡದ್ದು ಮೂರೂವರೆ ಷಿಲಿಂಗ್. ಐದರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಟೆಂಟು ಮಾತ್ರ ಬೇರೆ ಬೇರೆ ಇರಲಿಲ್ಲ, ನಾಲ್ಕು ಪಡೆಗಳಲ್ಲಿ ಎರಡೂ ಬಗೆಯ ಹುಡುಗರು ಬೆರೆತಿದ್ದರು. ಲೆಕ್ಕ ಮುಗಿಸಿದಾಗ ಸುಮಾರು 24 ಪೌಂಡ್ ಕೊರತೆ ಬಿತ್ತು. ಶಿಬಿರಕ್ಕೆ ಇಬ್ಬರು ಮಕ್ಕಳನ್ನು ಕಳಿಸಿದ್ದ ಒಬ್ಬ ತಂದೆ ಅದನ್ನು ತುಂಬಿಕೊಟ್ಟ. ಸೈನ್ಯದಲ್ಲಿ ಹೆಸರು ಮಾಡಿದ, ವರ್ಗಭೇದ ಹಾಸುಹೊಕ್ಕಾಗಿದ್ದ ಸಮಾಜದಿಂದ ಬಂದ ಒಬ್ಬ ಜನರಲ್‌ಗೆ ಹೊಳೆದದ್ದು, ಬಸವಣ್ಣನ ಹೆಸರು ಹೇಳಿಕೊಂಡು ಓಡಾಡುವ ನಮಗೆ ಏಕೆ ಹೊಳೆಯುವುದಿಲ್ಲ?

ಆ ಚಳವಳಿಯೂ ಎಲ್ಲೆಡೆ ಅಷ್ಟು ಉದಾರವಾಗಿರಲಿಲ್ಲ ಅನ್ನಿ. ಭಾರತದ ಮೊದಲ ಸ್ಕೌಟ್ ದಳ 1909ರಲ್ಲಿ ನಮ್ಮ ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿಯೇ ಶುರುವಾಯಿತು, ಆದರೆ ಆರಂಭದಲ್ಲಿ ಅದು ಬ್ರಿಟಿಷ್ ಮತ್ತು ಆಂಗ್ಲೋ-ಇಂಡಿಯನ್ ಹುಡುಗರಿಗೆ ಮಾತ್ರ. ನಮ್ಮವರನ್ನು ಸೇರಿಸಿಕೊಳ್ಳಲಿಲ್ಲ ಎಂದೇ ಮುಂದೆ ಅನಿ ಬೆಸೆಂಟ್, ಮದನಮೋಹನ ಮಾಳವೀಯ ಅಂಥವರು ಬೇರೆ ಸ್ಕೌಟ್ ಸಂಸ್ಥೆಗಳನ್ನು ಕಟ್ಟಬೇಕಾಯಿತು. ಬಣ್ಣ ನೋಡಿ ಮುಚ್ಚಿದ ಬಾಗಿಲು ಕಣ್ಣಿಗೆ ಕಾಣುತ್ತಿತ್ತು, ಅದರ ವಿರುದ್ಧ ಹೋರಾಡಲು ಬರುತ್ತಿತ್ತು. ತಲಾ ಸಾವಿರ ಎಂಬ ಬಾಗಿಲು ಕಾಣುವುದೇ ಇಲ್ಲ. ಹೊರಗೆ ಉಳಿದವನು ತಾನೇ ಉಳಿದೆ ಎಂದುಕೊಳ್ಳುತ್ತಾನೆ.

ಸದಸ್ಯತ್ವ ಶುಲ್ಕದ ಬಗ್ಗೆ ಈ ದೇಶ ತಲೆ ಕೆಡಿಸಿಕೊಂಡದ್ದು ಇದು ಮೊದಲಲ್ಲ. 1920ರ ನಾಗಪುರ ಅಧಿವೇಶನದಲ್ಲಿ ಕಾಂಗ್ರೆಸ್ ತನ್ನ ನಿಯಮಾವಳಿಯನ್ನೇ ಹೊಸದಾಗಿ ಬರೆದುಕೊಂಡು ಸದಸ್ಯತ್ವಕ್ಕೆ ವರ್ಷಕ್ಕೆ ನಾಲ್ಕಾಣೆ ಎಂದು ಗೊತ್ತುಮಾಡಿತು. ರೂಪಾಯಿಗೆ ಹದಿನಾರಾಣೆ ಇದ್ದ ಕಾಲ, ಅಂದರೆ ಕಾಲು ರೂಪಾಯಿ. ವಕೀಲರ, ಜಮೀನ್ದಾರರ ಕೂಟವಾಗಿದ್ದ ಸಂಸ್ಥೆಯೊಳಕ್ಕೆ ರೈತ, ಕೂಲಿ, ಅಂಗಡಿಯ ಹುಡುಗ ಕಾಲಿಡಲು ಆಯಿತು. ಆಮೇಲೆ 1924ರ ಡಿಸೆಂಬರಿನಲ್ಲಿ ನಮ್ಮ ಬೆಳಗಾವಿಯಲ್ಲಿ, ಗಾಂಧೀಜಿ ಅಧ್ಯಕ್ಷರಾಗಿದ್ದ ಏಕೈಕ ಅಧಿವೇಶನದಲ್ಲಿ, ದುಡ್ಡನ್ನೇ ತೆಗೆದುಹಾಕಿ ದುಡಿಮೆಯನ್ನು ಶುಲ್ಕವಾಗಿಸಿದರು. ತಿಂಗಳಿಗೆ 2,000 ಗಜ ನೂಲು ತೆತ್ತವನು ಸದಸ್ಯ.

ಅದು ನಡೆಯಲಿಲ್ಲ. ಏಕೆ ನಡೆಯಲಿಲ್ಲ ಎನ್ನುವುದು ನಮಗೆ ಮುಖ್ಯ. ಸ್ವತಃ ನೂಲಲು ಮನಸ್ಸಿಲ್ಲದವನು ಬೇರೆಯವರು ನೂತ ನೂಲನ್ನು ಕೊಡಬಹುದು ಎಂಬ ಕಿಂಡಿಯನ್ನು ನಿಯಮದಲ್ಲಿಯೇ ಬಿಟ್ಟಿದ್ದರು. ಉಳ್ಳವನು ಕೊಂಡು ತಂದುಕೊಡಬಹುದಿತ್ತು, ಇಲ್ಲದವನು ರಾಟೆ ಮುಂದೆ ಕೂರಬೇಕಿತ್ತು. ಅಳತೆಯೂ ಭಾರವಾಯಿತು. 1925ರ ಸೆಪ್ಟೆಂಬರಿನಲ್ಲಿ, ವರ್ಷ ತುಂಬುವ ಮೊದಲೇ, ನಿಯಮ ಸಡಿಲಿಸಿ ನಾಲ್ಕಾಣೆ ಕೊಡಿ, ಇಲ್ಲವೇ ವರ್ಷಕ್ಕೆ 2,000 ಗಜ ನೂಲು ಕೊಡಿ ಎಂದರು. ಸೋತ ಪ್ರಯೋಗವಾದರೂ ಅದರ ಕೊನೆಯ ರೂಪ ನನಗೆ ಇಷ್ಟ: ದುಡ್ಡಾದರೂ ಸರಿ, ದುಡಿಮೆಯಾದರೂ ಸರಿ, ಎರಡಕ್ಕೂ ಒಂದೇ ಮರ್ಯಾದೆ. ಗಳ ನೆಡುವ ಗುಂಡಿ ತೋಡಿದವನ ಒಂದು ಹಗಲನ್ನು ನಿಮ್ಮ ರಸೀದಿ ಪುಸ್ತಕದಲ್ಲಿ ಎಲ್ಲಿ ಬರೆದಿದ್ದೀರಿ? ಡಿ.ಜೆ.ಯವನಿಗೆ ಕೊಟ್ಟದ್ದಕ್ಕೆ ವೋಚರ್ ಇದೆ. ಇವನ ಬೆವರಿಗೆ ಒಂದು ಸಾಲೂ ಇಲ್ಲ, ಮೇಲಿಂದ ಹೆಸರಿನ ಮುಂದೆ ಟಿಕ್ ಇಲ್ಲ.

ಹಾಗಂತ ವಂತಿಗೆಯೇ ಬೇಡ ಎನ್ನುವವನಲ್ಲ ನಾನು. ಬೇಕು, ಖಂಡಿತ ಬೇಕು. ಹತ್ತು ರೂಪಾಯಿಯಾದರೂ ಕೈಯಿಂದ ಬಿಚ್ಚಿಕೊಟ್ಟವನಿಗೆ ಸಂಘ ತನ್ನದು ಅನ್ನಿಸುತ್ತದೆ, ಸಭೆಯಲ್ಲಿ ಎದ್ದು ನಿಂತು “ಅದೇನದು ಇತರೆ, ಆರು ಸಾವಿರದ ಎಂಟುನೂರ ಐವತ್ತು?” ಎಂದು ಕೇಳುವ ಗಂಟಲು ಬರುತ್ತದೆ. ಹಬ್ಬಕ್ಕೊಮ್ಮೆ ಸಾವಿರ ಕೀಳುವ ಬದಲು ತಿಂಗಳಿಗೆ ಇಪ್ಪತ್ತು ರೂಪಾಯಿ ಇಡಿ. ನಲವತ್ತೆರಡು ಜನ, ಹನ್ನೆರಡು ತಿಂಗಳು, 10,080 ರೂಪಾಯಿ. ಒಂದು ವಾಲಿಬಾಲ್ ನೆಟ್ಟು, ಎರಡು ಚೆಂಡು, ಒಂದು ಮಣ್ಣಿನ ಗಣಪತಿ, ಪೂಜಾ ಸಾಮಾನು, ಊರಿನ ಮಕ್ಕಳಿಗೆ ಓಟದ ಪಂದ್ಯ, ಸ್ಟೀಲಿನ ಲೋಟ-ತಟ್ಟೆಯ ಬಹುಮಾನ, ಎಲ್ಲರೂ ಸೇರಿ ಮಾಡಿದ ಚಿತ್ರಾನ್ನ, ಕೋಸಂಬರಿ. ಅದರೊಳಗೆ ಆಗುವಷ್ಟು ಆಗಲಿ. ಕಬಡ್ಡಿಗೆ ಬೇಕಾದದ್ದು ಹದಿಮೂರು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ಹದವಾದ ಮಣ್ಣಿನ ನೆಲ. ಅದಕ್ಕೆ ಬಾಡಿಗೆ ಮ್ಯಾಟ್ ತಂದೇ ಆಗಬೇಕು ಎಂದು ಯಾವ ದೇವರೂ ಹೇಳಿಲ್ಲ.

ಈಗ ಆ ನಾಲ್ವರ ಲೆಕ್ಕ ನೋಡಿ. ಅವರ ವಂತಿಗೆ ಪೂರ್ತಿ ಬಿಟ್ಟರೂ ಸಂಘಕ್ಕೆ ಆಗುವ ನಷ್ಟ ವರ್ಷಕ್ಕೆ 960 ರೂಪಾಯಿ. ನಾನು ಹೇಳಿದ ಆ ಪುಸ್ತಕದಲ್ಲಿ ಒಂದು ಫ್ಲೆಕ್ಸಿಗೆ ಬಿದ್ದದ್ದು 1,200. ಒಂದು ಫ್ಲೆಕ್ಸ್ ಕಮ್ಮಿ ಮಾಡಿದರೆ ನಾಲ್ಕು ಹುಡುಗರು ವರ್ಷವಿಡೀ ನಿಮ್ಮ ಜೊತೆ ಇರುತ್ತಾರೆ, ಇನ್ನೂ ಚಹಾಕ್ಕೆ ದುಡ್ಡು ಉಳಿಯುತ್ತದೆ. ಇಷ್ಟು ಅಗ್ಗಕ್ಕೆ ಹುಡುಗರನ್ನು ಕಳೆದುಕೊಳ್ಳುತ್ತಿದ್ದೀರಿ!

ಆದರೆ ಮನ್ನಾ ಮಾಡುವುದರಲ್ಲೂ ಒಂದು ನಯ ಬೇಕು. ಸಭೆಯಲ್ಲಿ ಹೆಸರು ಕೂಗಿ “ಇವನಿಗೆ ಫ್ರೀ” ಅಂದರೆ ಅವನು ಮತ್ತೆ ಬರುವುದಿಲ್ಲ. ಬಾಕಿ ಯಾರದು ಎಂಬುದು ಖಜಾಂಚಿಗೆ ಮಾತ್ರ ಗೊತ್ತಿರಲಿ. ಆ ಟಿಕ್ ಪಟ್ಟಿಯನ್ನು ಇವತ್ತೇ ಅಳಿಸಿ. ವಸೂಲಿಗೆ ಸುಲಭ ಎಂಬುದು ಅದನ್ನು ಇಟ್ಟುಕೊಳ್ಳಲು ಕಾರಣವಾಗಲಾರದು. ಬೈಲಾದಲ್ಲಿ ಒಂದು ಸಾಲು ಸೇರಿಸಿ: ಅನಾನುಕೂಲವಿರುವ ಸದಸ್ಯರ ವಂತಿಗೆಯನ್ನು ಸಮಿತಿ ಕಾರಣ ಕೇಳದೆ ಮನ್ನಾ ಮಾಡಬಹುದು, ಅದನ್ನು ಬಾಕಿ ಎಂದು ಎಣಿಸತಕ್ಕದ್ದಲ್ಲ. ಎರಡನೆಯ ಭಾಗ ಬಿಡಬೇಡಿ. ವಂತಿಗೆಯನ್ನು ಮೂರು ತಿಂಗಳಿಗಿಂತ ಹೆಚ್ಚು ಉಳಿಸಿಕೊಂಡವನಿಗೆ ಮತ ಹಾಕುವ ಹಕ್ಕಿಲ್ಲ, ಅವನು ಸದಸ್ಯರ ಲೆಕ್ಕಕ್ಕೇ ಇಲ್ಲ ಎಂದು ಬ್ರಿಟಿಷರು ಮಾಡಿದ 1860ರ ಸಂಘಗಳ ಕಾಯ್ದೆ ಹೇಳುತ್ತದೆ. ಆ ಜಾಡಿನಲ್ಲೇ ಬರೆದ ಬೈಲಾಗಳು ನಮ್ಮಲ್ಲಿ ಬೇಕಾದಷ್ಟಿವೆ. ಕರುಣೆಯಿಂದ ‘ಪರವಾಗಿಲ್ಲ ಬಿಡು, ಆಮೇಲೆ ಕೊಡು’ ಎಂದು ಬಾಯಲ್ಲಿ ಹೇಳಿ, ಚುನಾವಣೆಯ ದಿನ ಆ ಬಾಕಿಯನ್ನೇ ತೋರಿಸಿ ಹುಡುಗನನ್ನು ಹೊರಗೆ ಕೂರಿಸಿದ್ದನ್ನು ನಾನು ನೋಡಿದ್ದೇನೆ.

ಖಜಾಂಚಿಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಅವನ ಪರವಾಗಿ ಮಾತಾಡುವವರು ಯಾರೂ ಇಲ್ಲ. ಸಂಘದಲ್ಲಿ ಎಲ್ಲರಿಗಿಂತ ನಂಬಿಕಸ್ಥ ಹುಡುಗ ಯಾರೋ ಅವನ ತಲೆಗೆ ಈ ಕೆಲಸ ಕಟ್ಟುತ್ತಾರೆ. ಶಾಮಿಯಾನದವನು ರಾತ್ರಿ ಹತ್ತಕ್ಕೆ ಬಂದು ಬಾಕಿ ಕೇಳುತ್ತಾನೆ, ಅಡುಗೆ ಭಟ್ಟರು ಬೆಳಿಗ್ಗೆ ಆರಕ್ಕೆ ಫೋನ್ ಮಾಡುತ್ತಾರೆ. ಬರಬೇಕಾದ ವಂತಿಗೆ ಬಂದಿರುವುದಿಲ್ಲ. ಆ ಹುಡುಗ ತನ್ನ ಸಂಬಳದಿಂದ ಕೊಟ್ಟುಬಿಡುತ್ತಾನೆ, ಪುಸ್ತಕದಲ್ಲಿ ಬರೆಯುವುದಿಲ್ಲ, ಮನೆಯಲ್ಲೂ ಹೇಳುವುದಿಲ್ಲ. ಒಂದು ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಪೆನ್ಸಿಲಿನಲ್ಲಿ ಸಣ್ಣಗೆ ಬರೆದು ಆಮೇಲೆ ಗೀಚಿಹಾಕಿದ ಒಂದು ಮೊತ್ತ ನನ್ನ ಕಣ್ಣಿಗೆ ಬಿತ್ತು. “ಇದೇನಪ್ಪ?” ಅಂದೆ. “ಏನಿಲ್ಲ ಸಾರ್, ಅದು ಬಿಡಿ” ಅಂದ. ಸಂಘ ಅವನಿಗೆ 3,400 ರೂಪಾಯಿ ಕೊಡಬೇಕಿತ್ತು. ಅದು ಸಂಘಕ್ಕೆ ಗೊತ್ತೇ ಇರಲಿಲ್ಲ. ಇದನ್ನು ತ್ಯಾಗ ಎಂದು ಹೊಗಳಬೇಡಿ. ಬರೆಯದ ದಾನ ಬರೆಯದ ಕಳ್ಳತನದಷ್ಟೇ ಲೆಕ್ಕ ಕೆಡಿಸುತ್ತದೆ. ಮುಂದಿನ ವರ್ಷದ ಖಜಾಂಚಿ ಅದೇ ಬಜೆಟ್ ನೋಡಿ ಅಷ್ಟರಲ್ಲಿ ಆಗುತ್ತದೆ ಎಂದುಕೊಳ್ಳುತ್ತಾನೆ, ಆಗುವುದಿಲ್ಲ.

ಪೆಟ್ರೋಲಿನ ಕಥೆಯೂ ಹೀಗೇ. “ಸೇವೆ ಅಂದ ಮೇಲೆ ಪೆಟ್ರೋಲ್ ದುಡ್ಡು ಕೇಳ್ತಾನಾ ಇವನು?” ಎಂಬ ಮಾತು ನಮ್ಮಲ್ಲಿ ಎಷ್ಟು ಸಲೀಸಾಗಿ ಬರುತ್ತದೆ. ಪೊಲೀಸ್ ಪರವಾನಗಿಗೆ ಎರಡು ಸಲ ಠಾಣೆಗೆ, ತಾತ್ಕಾಲಿಕ ಕರೆಂಟಿಗೆ ಇಲಾಖೆಗೆ, ಪಂಚಾಯಿತಿಗೆ, ಮೂರ್ತಿ ಮಾಡುವವರ ಮನೆಗೆ, ಎಲ್ಲಕ್ಕೂ ಬೈಕೇ ಬೇಕು. ಕೊಡದಿದ್ದರೆ ಏನಾಗುತ್ತದೆ? ಬೈಕೂ ಪೆಟ್ರೋಲೂ ಇರುವವನು ಮಾತ್ರ ಕಾರ್ಯದರ್ಶಿಯಾಗುತ್ತಾನೆ. ಇಲ್ಲದವನು ಜೀವಮಾನವಿಡೀ ಗುಂಡಿ ತೋಡುತ್ತಾನೆ. ನಿಸ್ವಾರ್ಥ ಎಂಬ ಸದ್ಗುಣವೇ ಬಡವನನ್ನು ಪದವಿಯಿಂದ ದೂರ ಇಡುವ ಬೇಲಿಯಾಗಿದೆ. ಬಂಕಿನ ಚೀಟಿ ತಂದುಕೊಡಲಿ, ಸಂಘ ದುಡ್ಡು ಕೊಡಲಿ, ಎರಡೂ ಪುಸ್ತಕದಲ್ಲಿ ಬರಲಿ. ಅದರಲ್ಲಿ ಅವಮಾನ ಏನಿದೆ?

ಇನ್ನು ಕ್ಯೂಆರ್ ಕೋಡ್. ಪೆಂಡಾಲಿನ ಬಾಗಿಲಲ್ಲಿ, ಹುಂಡಿಯ ಪಕ್ಕ, ಲ್ಯಾಮಿನೇಟ್ ಮಾಡಿ ಅಂಟಿಸಿರುತ್ತಾರೆ. ಸ್ಕ್ಯಾನ್ ಮಾಡಿ ನೋಡಿ, ಬರುವುದು ಸಂಘದ ಹೆಸರಲ್ಲ, ಯಾವನೋ ಒಬ್ಬನ ಹೆಸರು. ಕಳ್ಳ ಅಂತ ನಾನು ಹೇಳುತ್ತಿಲ್ಲ. ಅವನದೇ ಮನೆಯ ಗ್ಯಾಸಿನ ದುಡ್ಡು, ಗೆಳೆಯ ವಾಪಸ್ ಕೊಟ್ಟ ಸಾಲ, ಗಣಪತಿಯ ಕಾಣಿಕೆ ಎಲ್ಲವೂ ಒಂದೇ ಖಾತೆಯಲ್ಲಿ ಕಲಸಿಹೋದ ಮೇಲೆ ಯಾವುದು ಯಾರದು ಎಂದು ಅವನಿಗೇ ತಿಳಿಯುವುದಿಲ್ಲ. ಆರು ತಿಂಗಳಾದ ಮೇಲೆ ಯಾರೋ ಒಬ್ಬ ಕುಹಕ ಆಡುತ್ತಾನೆ, ಪ್ರಾಮಾಣಿಕ ಹುಡುಗ ಊರಿನ ಬಾಯಿಗೆ ಬೀಳುತ್ತಾನೆ. ಸಂಘ ನೋಂದಣಿ ಮಾಡಿಸಿ. ನಮ್ಮ ರಾಜ್ಯದ 1960ರ ಸಂಘಗಳ ನೋಂದಣಿ ಕಾಯ್ದೆಯಲ್ಲಿ ಏಳು ಜನ ಸೇರಿದರೆ ಸಾಕು. ಸಂಘದ ಹೆಸರಲ್ಲಿ ಖಾತೆ ತೆರೆಯಿರಿ, ಇಬ್ಬರ ರುಜು ಇರಲಿ, ಕೋಡೂ ಅದೇ ಖಾತೆಯದ್ದಾಗಲಿ. ವರ್ಷಕ್ಕೊಮ್ಮೆ ಸರ್ವ ಸದಸ್ಯರ ಸಭೆ ಕರೆಯಬೇಕು, ಲೆಕ್ಕ ಪರಿಶೋಧನೆ ಆಗಬೇಕು, ಸಮಿತಿಯ ಪಟ್ಟಿಯನ್ನೂ ಆಢಾವೆಯನ್ನೂ ನೋಂದಣಾಧಿಕಾರಿಗೆ ಸಲ್ಲಿಸಬೇಕು ಎಂದು ಕಾಯ್ದೆ ಹೇಳುತ್ತದೆ. ನೋಂದಣಿ ಪತ್ರಕ್ಕೆ ಫ್ರೇಮು ಹಾಕಿಸಿ ಗೋಡೆಗೆ ತೂಗುಹಾಕಿ, ಆಮೇಲೆ ಒಂದೇ ಒಂದು ವರ್ಷವೂ ಲೆಕ್ಕ ಕೊಡದ ಸಂಘಗಳು ಎಷ್ಟಿವೆ ಎಂಬುದು ನಿಮಗೂ ಗೊತ್ತು. ‘ಇತರೆ’ ಎಂಬ ಸಾಲನ್ನಂತೂ ಪುಸ್ತಕದಿಂದಲೇ ಹೊಡೆದುಹಾಕಿ. ಬನ್ನಿಗೆ ಕೊಟ್ಟದ್ದು ಬನ್ನು, ಬ್ಯಾಂಡೇಜಿಗೆ ಕೊಟ್ಟದ್ದು ಬ್ಯಾಂಡೇಜು.

ಲೆಕ್ಕವಿಲ್ಲದ ಸಂಘಕ್ಕೆ, ಖರ್ಚು ಏರಿಸಿಕೊಂಡ ಸಂಘಕ್ಕೆ, ಮುಂದಿನ ಹೆಜ್ಜೆ ಯಾರ ಮನೆಯ ಗೇಟಿಗೆ ಎಂದು ಹೇಳಬೇಕಾಗಿಲ್ಲ. “ಅಣ್ಣ ಇದಾರಲ್ಲ, ಕೇಳಿದ್ರೆ ಆಯ್ತು.” ಅಣ್ಣ ಕೊಡುತ್ತಾನೆ. ಯಾವತ್ತೂ ಇಲ್ಲ ಎನ್ನುವುದಿಲ್ಲ. ಟೀ ಶರ್ಟಿನ ಬೆನ್ನ ಮೇಲೆ ಅಣ್ಣನ ಹೆಸರು ಬರುತ್ತದೆ, ಫ್ಲೆಕ್ಸಿನಲ್ಲಿ ಗಣಪತಿಗಿಂತ ಅಣ್ಣನ ಮುಖ ದೊಡ್ಡದಾಗುತ್ತದೆ, ಟ್ರೋಫಿಗೆ ಅಣ್ಣನ ತಂದೆಯ ಸ್ಮರಣಾರ್ಥ ಎಂದು ಬರೆಸುತ್ತೀರಿ. ಚುನಾವಣೆಯ ವರ್ಷ ಕ್ರಿಕೆಟ್ ಕಿಟ್ಟೂ ಬರುತ್ತದೆ. ಆ ಕಿಟ್ಟಿನ ಬೆಲೆ ಎಷ್ಟು ಎಂಬುದು ತಿಳಿಯುವುದು ಆಮೇಲೆ. ಒಂದು ರಾತ್ರಿ ಫೋನ್ ಬರುತ್ತದೆ: “ನಾಳೆ ರ‍್ಯಾಲಿ ಇದೆ, ಐವತ್ತು ಹುಡುಗರು ಬೈಕ್ ಸಮೇತ ಬನ್ನಿ.” ಇನ್ನೊಂದು ರಾತ್ರಿ ಬರುವ ಫೋನ್ ಇನ್ನೂ ಕೆಟ್ಟದ್ದನ್ನು ಕೇಳಬಹುದು. ಒಂದು ಕೇರಿಯವರ ಮೇಲೆ ಇನ್ನೊಂದು ಕೇರಿಯವರನ್ನು ಎತ್ತಿಕಟ್ಟಲು ಹೊಸದಾಗಿ ಪಡೆ ಕಟ್ಟಬೇಕಾಗಿಲ್ಲ, ಟೀ ಶರ್ಟು ಹಾಕಿಕೊಂಡು ಸಾಲಾಗಿ ನಿಂತ ಪಡೆ ಸಿದ್ಧವಿದೆ. ಎಫ್‌ಐಆರ್‌ನಲ್ಲಿ ಅಣ್ಣನ ಹೆಸರು ಇರುವುದಿಲ್ಲ. ನಿಮ್ಮ ಹೆಸರು ಇರುತ್ತದೆ. ಪಾಸ್‌ಪೋರ್ಟಿಗೆ, ಸರ್ಕಾರಿ ಕೆಲಸಕ್ಕೆ ಪೊಲೀಸ್ ವೆರಿಫಿಕೇಷನ್ ಬಂದಾಗ ಆ ಹೆಸರು ಎದ್ದು ಬರುತ್ತದೆ.

ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ ಎನ್ನುತ್ತೇವಲ್ಲ, ಇಲ್ಲಿ ಆ ಗಾದೆಯೂ ಪೂರ್ತಿ ಹೊಂದುವುದಿಲ್ಲ. ಜಾತ್ರೆ ಅಣ್ಣನದು, ಬಲಿಗೆ ನಿಂತವರು ನೀವು. ವಂತಿಗೆ ಕೊಡಲಾಗದೆ ಒಬ್ಬ ಹುಡುಗ ಹೊರಗೆ ಹೋಗುವುದೂ, ದೇಣಿಗೆ ಕೊಟ್ಟು ಒಬ್ಬ ದೊಡ್ಡವನು ಒಳಗೆ ಬರುವುದೂ ಬೇರೆ ಬೇರೆ ಸಂಗತಿಗಳಲ್ಲ, ಒಂದೇ ಡಿ.ಜೆ. ಬಿಲ್ಲಿನ ಎರಡು ತುದಿಗಳು. ಆ ಬಿಲ್ಲನ್ನು ಹರಿದರೆ ಎರಡೂ ನಿಲ್ಲುತ್ತವೆ.

“ಹಾಗಾದ್ರೆ ಯಾರ ಹತ್ರಾನೂ ಒಂದು ಪೈಸೆ ತಗೋಬಾರದಾ ಸಾರ್? ಕಟ್ಟಡ ಹೇಗೆ ಕಟ್ಟೋದು?” ಎಂದು ಹುಡುಗರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ತೆಗೆದುಕೊಳ್ಳಿ. ದೇಣಿಗೆ ಪಾಪವಲ್ಲ. ಆದರೆ ರಸೀದಿ ಕೊಟ್ಟು ತೆಗೆದುಕೊಳ್ಳಿ, ಒಬ್ಬರಿಂದ ವರ್ಷದ ಖರ್ಚಿನ ಕಾಲು ಪಾಲಿಗಿಂತ ಹೆಚ್ಚು ಬೇಡ, ಫೋಟೋ ಬೇಡ, ಬೆನ್ನಿನ ಮೇಲೆ ಹೆಸರು ಬೇಡ. ಈ ಷರತ್ತಿಗೆ ಒಪ್ಪಿ ಕೊಡುವವನು ನಿಜವಾಗಿ ಕೊಡುವವನು, ಒಪ್ಪದವನು ಖರೀದಿಗೆ ಬಂದವನು. ಕಟ್ಟಡಕ್ಕೆ ಶಾಸಕರ ನಿಧಿ, ಸಂಸದರ ನಿಧಿ ಇವೆ. ಅದು ಅವರ ಮನೆಯ ಗಂಟಲ್ಲ, ನೀವು ಬೆಂಕಿಪೊಟ್ಟಣ ಕೊಂಡಾಗಲೂ ಕಟ್ಟಿದ ತೆರಿಗೆ. ಅರ್ಜಿ ಬರೆದು, ಗ್ರಾಮಸಭೆಯಲ್ಲಿ ನಿರ್ಣಯ ಮಾಡಿಸಿ, ನೆಟ್ಟಗೆ ನಿಂತು ಕೇಳಿ. ಕೈ ಮುಗಿಯಬೇಕಾದ ಪ್ರಸಂಗ ಅದರಲ್ಲಿ ಇಲ್ಲ.

ಹೆಣ್ಣುಮಕ್ಕಳ ಮಾತು ಇಷ್ಟು ಹೊತ್ತು ಬರಲಿಲ್ಲ ಎಂದು ಯಾರಾದರೂ ಬೈದರೆ ತಲೆ ಬಾಗುತ್ತೇನೆ. ನಮ್ಮ ಸಂಘಗಳ ಪುಸ್ತಕದಲ್ಲಿಯೂ ಅವರು ಬರುವುದಿಲ್ಲ. ಬೆಳಗಾವಿ ಅಧಿವೇಶನದಲ್ಲಿ ಹುಬ್ಬಳ್ಳಿಯ ಉಮಾಬಾಯಿ ಕುಂದಾಪುರ ಹೆಣ್ಣುಮಕ್ಕಳ ಸ್ವಯಂಸೇವಕಿ ಪಡೆ ಕಟ್ಟಿದರು. ಅದಾಗಿ ನೂರು ವರ್ಷವಾಯಿತು. ಇವತ್ತು ಯುವತಿ ಮಂಡಳಿಯೆಂದರೆ ರಂಗೋಲಿ ಸ್ಪರ್ಧೆ, ಆರತಿ ತಟ್ಟೆ. ಹುಡುಗಿ ನಾಟಕದ ತಾಲೀಮಿಗೆ ಬರಬೇಕಾದರೆ ರಾತ್ರಿ ಎಂಟೂವರೆಗೆ ಮನೆಗೆ ಮರಳಲು ಆಟೋ ಬೇಕು. ವಂತಿಗೆ ಇಪ್ಪತ್ತಾದರೂ ಅವಳಿಗೆ ತಿಂಗಳ ಆಟೋ ಖರ್ಚು ನೂರಾರು. ಆ ಆಟೋ ಬಾಡಿಗೆಯನ್ನು ಸಂಘದ ಖರ್ಚು ಎಂದು ಬರೆದ ಒಂದೇ ಒಂದು ಪುಸ್ತಕ ನನ್ನ ಮೇಜಿಗೆ ಬಂದರೆ, ಆವತ್ತು ಆ ಹುಡುಗರಿಗೆ ನಮ್ಮ ಮನೆಯಲ್ಲಿ ಊಟ.

ಊರ ಹಿರಿಯರೇ, ನಿಮಗೂ ಒಂದು ಮಾತು. ಚಂದಾಕ್ಕೆ ಹುಡುಗರು ಬಂದಾಗ 501 ಕೊಟ್ಟು ಬಾಗಿಲು ಹಾಕಿಕೊಳ್ಳಬೇಡಿ. ಹೋದ ವರ್ಷದ ಲೆಕ್ಕ ಕೇಳಿ. ಗದರಿಸಬೇಡಿ, ಕೇಳಿ. ತೋರಿಸಿದರೆ ನೂರು ಹೆಚ್ಚು ಕೊಡಿ. ನಿಮ್ಮ ಮಗನಿಗೆ ಗೆಳೆಯರ ಎದುರು ಮುಖವುಳಿಯಲಿ ಎಂದು ಸಾವಿರ ಕೊಡುವಿರಲ್ಲ, ಆಗ ಅವನಿಗೆ ಕಿವಿಮಾತು ಹೇಳಿ: ನಿನ್ನ ತಂಡದಲ್ಲಿ ಕೊಡಲಾಗದವನು ಯಾರಿದ್ದಾನೆ, ಅವನು ಈ ಸಲ ಬಂದಿದ್ದಾನೆಯೇ ನೋಡು ಅಂತ.

1972ರಿಂದ ನೆಹರು ಯುವ ಕೇಂದ್ರಗಳು ಹಳ್ಳಿ ಹಳ್ಳಿಯಲ್ಲಿ ಯುವಕ ಸಂಘ ಕಟ್ಟಿ ಎಂದು ಹೇಳುತ್ತ ಬಂದವು. ಕಟ್ಟಿದೆವು. ಬೋರ್ಡು ಬರೆಸಿದೆವು, ಸೀಲು ಮಾಡಿಸಿದೆವು. ಆ ಬೋರ್ಡಿನ ಕೆಳಗೆ ಯಾರು ಕೂರಬಹುದು, ಯಾರು ಹೊರಗೆ ನಿಲ್ಲಬೇಕು ಎಂಬುದನ್ನು ನಾವು ಎಂದೂ ಸಭೆ ಸೇರಿಸಿ ತೀರ್ಮಾನಿಸಲಿಲ್ಲ, ಡಿ.ಜೆ. ಬಾಡಿಗೆಗೆ ಬಿಟ್ಟುಬಿಟ್ಟೆವು. ಈ ಸಲ ತೀರ್ಮಾನಿಸಿ. ಸಭೆಯ ನೋಟಿಸು ಬರೆಯುವಾಗ ‘ಗಣೇಶೋತ್ಸವದ ಬಗ್ಗೆ ಚರ್ಚೆ’ ಎಂಬುದಕ್ಕಿಂತ ಮೇಲಿನ ಸಾಲುಗಳಲ್ಲಿ ಇಷ್ಟು ಸೇರಲಿ: ಹೋದ ವರ್ಷದ ಲೆಕ್ಕ ಓದುವುದು, ಖಜಾಂಚಿಗೆ ಕೊಡಬೇಕಾದದ್ದನ್ನು ಕೊಡುವುದು, ವಂತಿಗೆ ಮನ್ನಾ ಮಾಡುವ ತಿದ್ದುಪಡಿ, ಈ ವರ್ಷದ ಖರ್ಚಿಗೆ ಒಂದು ಮಿತಿ. ಹುಡುಗಿಯರನ್ನೂ ಕರೆಯಿರಿ, ಬಾಕಿ ಇರುವವರನ್ನೂ ಕರೆಯಿರಿ, ಹಗಲು ಹೊತ್ತಿನಲ್ಲಿ ಕರೆಯಿರಿ. ಮಿತಿ ಎಷ್ಟೆಂಬುದನ್ನು ನಡಾವಳಿ ಪುಸ್ತಕದಲ್ಲಿ ಅಂಕಿಯಲ್ಲೂ ಅಕ್ಷರದಲ್ಲೂ ಬರೆದು ಬಂದವರೆಲ್ಲ ರುಜು ಹಾಕಿ. ಡಿ.ಜೆ.ಯವನು ಮುಂಗಡಕ್ಕೆ ಬರುವ ಮೊದಲು ಈ ಸಭೆ ಆಗಬೇಕು, ಅವನು ಸಾಮಾನ್ಯವಾಗಿ ಶ್ರಾವಣದ ಮೊದಲ ವಾರವೇ ಬರುತ್ತಾನೆ.